ಅಳಿದ ಸಾಲುಗಳ ಜಾಡು ಹಿಡಿದು

ಡೇಟಾಬೇಸ್‌ನಿಂದ ಮಾಹಿತಿ ಅಳಿಸಿಹೋದರೆ ಮರಳಿ ತರುವ ದಾರಿ ಯಾವುದು? ಅಳಿಸಿದ್ದು ಯಾರು, ಏಕೆ ಎಂದು ಪತ್ತೆ ಮಾಡುವುದು ಹೇಗೆ? ಎರಡಕ್ಕೂ ಉತ್ತರ ಇರುವುದು ಅಳಿಸುವ ಮೊದಲು ನಾವು ಉಳಿಸಿಟ್ಟ ದಾಖಲೆಯಲ್ಲಿ.

2017ರ ಜನವರಿ 31. ಗ್ರೀನಿಚ್ ಕಾಲಮಾನದಲ್ಲಿ ರಾತ್ರಿ ಹನ್ನೊಂದೂವರೆಯ ಸುಮಾರು. ಲಕ್ಷಾಂತರ ಪ್ರೋಗ್ರಾಮರ್‌ಗಳು ತಮ್ಮ ಕೋಡ್ ಇಟ್ಟುಕೊಳ್ಳುವ ಗಿಟ್‌ಲ್ಯಾಬ್ ಸಂಸ್ಥೆಯ ಎಂಜಿನಿಯರ್ ಒಬ್ಬರು ಸರ್ವರ್ ಮುಂದೆ ಕೂತಿದ್ದರು. ಸಂಸ್ಥೆಯಲ್ಲಿ ಎರಡು ಡೇಟಾಬೇಸ್ ಸರ್ವರ್‌ಗಳಿದ್ದವು. ಒಂದು ಮುಖ್ಯ ಸರ್ವರ್, ಇನ್ನೊಂದು ಅದರ ತದ್ರೂಪು. ಸಂಜೆಯಿಂದ ಹೊರೆ ಏರಿದ್ದರಿಂದ ತದ್ರೂಪು ಹಿಂದೆ ಬಿದ್ದಿತ್ತು. ಅದನ್ನು ಹೊಸದಾಗಿ ತುಂಬಿಸುವ ಪ್ರಯತ್ನ ಮತ್ತೆ ಮತ್ತೆ ಸದ್ದಿಲ್ಲದೆ ನಿಂತುಬಿಡುತ್ತಿತ್ತು. ಅಲ್ಲಿ ಉಳಿದಿರುವ ಖಾಲಿ ಫೋಲ್ಡರ್ ಅಡ್ಡ ಬರುತ್ತಿರಬಹುದೆಂದು ಅವರು ಅದನ್ನು ಅಳಿಸಲು ಆದೇಶ ಕೊಟ್ಟರು. ತಾವಿರುವುದು ತದ್ರೂಪಿನಲ್ಲಲ್ಲ, ಮುಖ್ಯ ಸರ್ವರ್‌ನಲ್ಲಿ ಎಂದು ಹೊಳೆಯಲು ಒಂದೆರಡು ಸೆಕೆಂಡ್ ಹಿಡಿಯಿತು. ತಕ್ಷಣ ಆದೇಶ ನಿಲ್ಲಿಸಿದರು. ಅಷ್ಟರಲ್ಲಿ ಸುಮಾರು 300 ಜಿಬಿಯ ಡೇಟಾಬೇಸ್‌ನಲ್ಲಿ 4.5 ಜಿಬಿ ಮಾತ್ರ ಉಳಿದಿತ್ತು.

ಸಾಫ್ಟ್‌ವೇರ್ ಲೋಕದಲ್ಲಿ ಇಂಥ ಅಪಘಾತ ಅಪರೂಪವಲ್ಲ. ಅಪರೂಪವಾದದ್ದು ಮುಂದಿನ ನಡೆ. ಗಿಟ್‌ಲ್ಯಾಬ್ ತನ್ನ ದುರಸ್ತಿ ಟಿಪ್ಪಣಿಯನ್ನು ಆ ಕ್ಷಣದಿಂದಲೇ ಎಲ್ಲರಿಗೂ ಕಾಣುವಂತೆ ತೆರೆದಿಟ್ಟಿತು. ಎಂಜಿನಿಯರ್‌ಗಳ ಕೆಲಸವನ್ನು ಯೂಟ್ಯೂಬ್‌ನಲ್ಲಿ ನೇರಪ್ರಸಾರ ಮಾಡಿತು. ಫೆಬ್ರುವರಿ 10ರಂದು ಕಾರಣಗಳನ್ನೆಲ್ಲ ಬಿಡಿಸಿ ವರದಿ ಪ್ರಕಟಿಸಿತು. ಡೇಟಾ ಕಳೆದುಕೊಂಡವರು ಓದಲೇಬೇಕಾದ ವರದಿ ಅದು. ಇನ್ನೂ ಕಳೆದುಕೊಳ್ಳದವರಿಗೆ ಅದರ ಅಗತ್ಯ ಮತ್ತೂ ಹೆಚ್ಚು.

ಮುಚ್ಚಿದ್ದ ಬಾಗಿಲುಗಳು

ಮುಖ್ಯ ಸರ್ವರ್ ಹೋದರೆ ತದ್ರೂಪು ಇದೆಯಲ್ಲ ಎನ್ನಬಹುದು. ಅದನ್ನು ಹೊಸದಾಗಿ ತುಂಬಿಸಲೆಂದೇ ಆ ರಾತ್ರಿ ಖಾಲಿ ಮಾಡಲಾಗಿತ್ತು. ಹಾಗಾಗಿ ಮೊದಲ ಬಾಗಿಲು ಆಗಲೇ ಮುಚ್ಚಿತ್ತು.

ಎರಡನೆಯದು ದಿನಕ್ಕೊಮ್ಮೆ ತಾನಾಗಿ ನಡೆಯುವ ಬ್ಯಾಕಪ್. ಡೇಟಾಬೇಸ್‌ನ ಪೂರ್ತಿ ಪ್ರತಿ ಅಮೆಜಾನ್ ಕ್ಲೌಡ್‌ನಲ್ಲಿ ಬಂದು ಕೂರಬೇಕಿತ್ತು. ತೆರೆದು ನೋಡಿದರೆ ಅಲ್ಲಿ ಏನೂ ಇರಲಿಲ್ಲ. ಡೇಟಾಬೇಸ್ ಓಡುತ್ತಿದ್ದದ್ದು ಪೋಸ್ಟ್‌ಗ್ರೆಸ್ ಎಂಬ ಸಾಫ್ಟ್‌ವೇರ್‌ನ 9.6 ಆವೃತ್ತಿಯಲ್ಲಿ. ಬ್ಯಾಕಪ್ ಓಡುತ್ತಿದ್ದ ಬೇರೊಂದು ಸರ್ವರ್‌ನಲ್ಲಿ, ಆವೃತ್ತಿ ತಿಳಿಸುವ ಪುಟ್ಟ ಫೈಲ್ ಇರಲಿಲ್ಲವಾದ್ದರಿಂದ ಪ್ರೋಗ್ರಾಂ ಹಳೆಯ 9.2ರ ಸಲಕರಣೆಯನ್ನು ಆರಿಸಿಕೊಳ್ಳುತ್ತಿತ್ತು. ತನಗಿಂತ ಹೊಸ ಡೇಟಾಬೇಸ್ ಕಂಡೊಡನೆ ಅದು ದೋಷ ವರದಿ ಮಾಡಿ ನಿಂತುಬಿಡುತ್ತಿತ್ತು. ಆ ದೋಷ ಇಮೇಲ್ ಮೂಲಕ ಎಂಜಿನಿಯರ್‌ಗಳಿಗೆ ತಲುಪಬೇಕಿತ್ತು. ಕಳುಹಿಸಿದವರು ಅಸಲಿ ಎಂದು ದೃಢೀಕರಿಸುವ ಸಹಿ ಆ ಇಮೇಲ್‌ಗಳಿಗೆ ಇರಲಿಲ್ಲ. ಅವನ್ನು ಪಡೆಯಬೇಕಾದ ಸರ್ವರ್ ಬಾಗಿಲಲ್ಲೇ ತಿರಸ್ಕರಿಸುತ್ತಿತ್ತು. ಬ್ಯಾಕಪ್ ಸೋಲುತ್ತಿತ್ತು, ಸೋಲಿನ ಸುದ್ದಿಯೂ ದಾರಿಯಲ್ಲೇ ಸಾಯುತ್ತಿತ್ತು.

ಮೂರನೆಯದು ಮೈಕ್ರೋಸಾಫ್ಟ್‌ನ ಅಝೂರ್ ಕ್ಲೌಡ್‌ನಲ್ಲಿ ಡಿಸ್ಕ್‌ಗಳ ಸ್ನ್ಯಾಪ್‌ಶಾಟ್, ಅಂದರೆ ಒಂದು ಗಳಿಗೆಯ ಯಥಾಪ್ರತಿ. ಕಡತಗಳ ಸರ್ವರ್‌ಗಳಿಗೆ ಆ ಸೌಲಭ್ಯ ಇತ್ತು. ಉಳಿದ ಬ್ಯಾಕಪ್ ಸಾಕೆಂಬ ಲೆಕ್ಕದಲ್ಲಿ ಡೇಟಾಬೇಸ್ ಸರ್ವರ್‌ಗಳಿಗೆ ಹಾಕಿರಲಿಲ್ಲ.

ಕೊನೆಗೆ ಕೈ ಹಿಡಿದದ್ದು ಆಕಸ್ಮಿಕವಾಗಿ ಉಳಿದ ಒಂದು ಪ್ರತಿ. ಅಪಘಾತಕ್ಕೆ ಸುಮಾರು ಆರು ಗಂಟೆ ಮೊದಲು ಎಂಜಿನಿಯರ್ ಒಬ್ಬರು ಪರೀಕ್ಷೆಗೆಂದು ಮುಖ್ಯ ಡೇಟಾಬೇಸ್‌ನ ಸ್ನ್ಯಾಪ್‌ಶಾಟ್ ತೆಗೆದು ಪರೀಕ್ಷಾ ಸರ್ವರ್‌ಗೆ ಹಾಕಿದ್ದರು. ಅದನ್ನೇ ಮರಳಿ ತರಲಾಯಿತು. ಪರೀಕ್ಷಾ ಸರ್ವರ್‌ನ ಡಿಸ್ಕ್ ನಿಧಾನದ್ದು, ನಕಲು ಸೆಕೆಂಡಿಗೆ ಸುಮಾರು 60 ಮೆಗಾಬಿಟ್‌ನಂತೆ ತೆವಳಿತು. ಅದೊಂದಕ್ಕೇ ಸುಮಾರು 18 ಗಂಟೆ ಹಿಡಿಯಿತು. ಕೋಡ್ ಇದ್ದ ರೆಪಾಸಿಟರಿಗಳು ಬೇರೆ ಕಡೆ ಇದ್ದುದರಿಂದ ಸುರಕ್ಷಿತವಾಗಿದ್ದವು. ಆದರೆ ಆ ಆರು ಗಂಟೆಗಳಲ್ಲಿ ಡೇಟಾಬೇಸ್‌ಗೆ ಸೇರಿದ್ದ ಸುಮಾರು 5,000 ಪ್ರಾಜೆಕ್ಟ್‌ಗಳ ವಿವರ, 5,000 ಕಾಮೆಂಟ್‌ಗಳು ಮತ್ತು 700 ಹೊಸ ಖಾತೆಗಳು ಮತ್ತೆ ಸಿಗಲಿಲ್ಲ. ಮರಳಿ ತೆರೆಯುವ ಮುನ್ನ ಎಂಜಿನಿಯರ್‌ಗಳು ಕ್ರಮಸಂಖ್ಯೆಗಳನ್ನು ಒಂದು ಲಕ್ಷ ಮುಂದಕ್ಕೆ ತಳ್ಳಿದರು. ಕಳೆದುಹೋದ ದಾಖಲೆಯ ಸಂಖ್ಯೆ ಹೊಸ ದಾಖಲೆಗೆ ಸಿಕ್ಕಿದರೆ ಯಾರದೋ ವಿವರ ಇನ್ಯಾರಿಗೋ ಅಂಟಿಕೊಳ್ಳುತ್ತಿತ್ತು.

ಮೊದಲು ಕಿರ್ದಿ, ನಂತರ ಖಾತೆ

ಗಿಟ್‌ಲ್ಯಾಬ್‌ನಲ್ಲಿ ಹೋದದ್ದು ಇಡೀ ಡೇಟಾಬೇಸ್. ಕಚೇರಿಗಳಲ್ಲಿ ಹೆಚ್ಚಾಗಿ ನಡೆಯುವುದು ಇದಕ್ಕಿಂತ ಸಣ್ಣದು, ಆದರೆ ಪತ್ತೆಗೆ ಇನ್ನೂ ಕಠಿಣ. ಡೇಟಾಬೇಸ್ ಗಟ್ಟಿಯಾಗಿ ಓಡುತ್ತಿರುತ್ತದೆ, ಒಂದು ಟೇಬಲ್‌ನ ಕೆಲವು ಸಾವಿರ ಸಾಲುಗಳು ಮಾತ್ರ ಕಾಣೆಯಾಗಿರುತ್ತವೆ. ಇದನ್ನು ಬಿಡಿಸಲು ಡೇಟಾಬೇಸ್ ಒಳಗೆ ಬರವಣಿಗೆ ಹೇಗೆ ನಡೆಯುತ್ತದೆಂದು ತಿಳಿದಿರಬೇಕು.

ಹಳೆಯ ಮಂಡಿಗಳಲ್ಲಿ ಗುಮಾಸ್ತರು ಪ್ರತಿ ವ್ಯವಹಾರವನ್ನೂ ನಡೆದ ಕ್ರಮದಲ್ಲಿ ಮೊದಲು ಕಿರ್ದಿಗೆ ಬರೆದು, ಆಮೇಲೆ ಆಯಾ ಗಿರಾಕಿಯ ಖಾತೆಗೆ ಏರಿಸುತ್ತಿದ್ದರು. ಖಾತೆಯ ಹಾಳೆ ಹರಿದರೂ ಕಿರ್ದಿಯಿಂದ ಮತ್ತೆ ಕಟ್ಟಬಹುದಿತ್ತು. ಡೇಟಾಬೇಸ್ ಮಾಡುವುದೂ ಇದನ್ನೇ. ಟೇಬಲ್ ತಿದ್ದುವ ಮೊದಲು ತಿದ್ದುಪಡಿಯನ್ನು ಲಾಗ್‌ಗೆ ಬರೆಯುತ್ತದೆ. ಅರ್ಧದಲ್ಲಿ ಕರೆಂಟ್ ಹೋದರೆ ಲಾಗ್ ಓದಿ, ಪೂರ್ಣವಾದ ವಹಿವಾಟನ್ನು ಉಳಿಸಿ ಅಪೂರ್ಣವಾದದ್ದನ್ನು ಹಿಂತೆಗೆದು ಎದ್ದು ನಿಲ್ಲುತ್ತದೆ. ಈ ಕ್ರಮವನ್ನು ಶಾಸ್ತ್ರಬದ್ಧವಾಗಿ ಕಟ್ಟಿದ ‘ಏರೀಸ್’ ವಿಧಾನವನ್ನು 1992ರಲ್ಲಿ ಪ್ರಕಟಿಸಿದವರು ಐಬಿಎಂನ ಸಿ. ಮೋಹನ್ ಮತ್ತು ಸಂಗಡಿಗರು. ಮೋಹನ್ ಮದ್ರಾಸ್ ಐಐಟಿಯಲ್ಲಿ ಓದಿದವರು. ಹಲವು ದೊಡ್ಡ ಡೇಟಾಬೇಸ್‌ಗಳ ಚೇತರಿಕೆ ವ್ಯವಸ್ಥೆ ಆ ಪ್ರಬಂಧದ ಋಣದಲ್ಲಿದೆ.

ಲಾಗ್ ಇರುವುದು ಚೇತರಿಕೆಗೆ. ಆದರೆ ಯಾವ ವಹಿವಾಟು ಯಾವ ಕ್ರಮದಲ್ಲಿ ಏನು ಮಾಡಿತು ಎಂಬುದೂ ಅದರಲ್ಲೇ ಇರುತ್ತದೆ. ಮರಳಿ ತರುವವರಿಗೂ ಜಾಡು ಹಿಡಿಯುವವರಿಗೂ ಬೇಕಾದ ಸಾಕ್ಷ್ಯ ಒಂದೇ.

ಅಳಿಸಿದರೂ ಉಳಿದಿರುವ ಸಾಲು

ಒಂದು ಕಾಲೇಜನ್ನು ಊಹಿಸಿಕೊಳ್ಳಿ. ಪೋಸ್ಟ್‌ಗ್ರೆಸ್ ಡೇಟಾಬೇಸ್, ಶುಲ್ಕದ ಟೇಬಲ್‌ನಲ್ಲಿ 40,000 ಸಾಲು. ಸೋಮವಾರ ಬೆಳಿಗ್ಗೆ ನೋಡಿದರೆ 3,000 ಸಾಲು ಇಲ್ಲ.

ಡಿಲೀಟ್ ಆದೇಶ ಬಂದಾಗ ಪೋಸ್ಟ್‌ಗ್ರೆಸ್ ಸಾಲನ್ನು ಡಿಸ್ಕಿನಿಂದ ಒರೆಸಿಹಾಕುವುದಿಲ್ಲ. ಪ್ರತಿ ಸಾಲಿಗೂ ಎರಡು ಗುಪ್ತ ಅಂಕಣಗಳಿವೆ. ಎಕ್ಸ್‌ಮಿನ್‌ನಲ್ಲಿ ಸಾಲನ್ನು ಹುಟ್ಟಿಸಿದ ವಹಿವಾಟಿನ ಸಂಖ್ಯೆ ಇರುತ್ತದೆ. ಅಳಿಸಿದ ವಹಿವಾಟಿನ ಸಂಖ್ಯೆ ಎಕ್ಸ್‌ಮ್ಯಾಕ್ಸ್‌ಗೆ ಸೇರುತ್ತದೆ. ಆಮೇಲೆ ಬಂದವರಿಗೆ ಸಾಲು ಕಾಣುವುದಿಲ್ಲ, ಆದರೆ ಜಾಗದಲ್ಲೇ ಇರುತ್ತದೆ. ಸತ್ತ ಸಾಲುಗಳನ್ನು ಗುಡಿಸುವುದು ವ್ಯಾಕ್ಯೂಮ್ ಎಂಬ ಪ್ರತ್ಯೇಕ ಕೆಲಸ. ತಾನಾಗಿ ನಡೆಯುವ ಆಟೋವ್ಯಾಕ್ಯೂಮ್‌ನ ಮೂಲ ಹೊಂದಾಣಿಕೆ ಪ್ರಕಾರ, ಸತ್ತ ಸಾಲುಗಳು ಟೇಬಲ್‌ನ ಶೇ 20ಕ್ಕೆ 50 ಸೇರಿಸಿದ ಸಂಖ್ಯೆಯನ್ನು ದಾಟಿದರೆ ಗುಡಿಸುವ ಸರದಿ ಬರುತ್ತದೆ. ನಮ್ಮ ಕಾಲೇಜಿನ ಟೇಬಲ್‌ಗೆ ಆ ಗಡಿ 8,050. ಸತ್ತಿರುವುದು 3,000 ಮಾತ್ರ. ಹಾಗಾಗಿ ಬೇರೆ ತಿದ್ದುಪಡಿಗಳು ಹೆಚ್ಚಿಲ್ಲದಿದ್ದರೆ ಆ ಸಾಲುಗಳು ಅಲ್ಲೇ ಇರುವ ಸಾಧ್ಯತೆ ಚೆನ್ನಾಗಿದೆ.

ಆದರೆ ಸಮಯ ನಮ್ಮ ಕಡೆ ಇರುವುದಿಲ್ಲ. ಸಾಲುಗಳಿಂದ ತುಂಬಿದ ಡಿಸ್ಕ್ ಪುಟವನ್ನು ಓದುವ ಸಾಮಾನ್ಯ ಪ್ರಶ್ನೆಯೂ ದಾರಿಯಲ್ಲಿ ಸಿಕ್ಕ ಸತ್ತ ಸಾಲಿನ ಜಾಗವನ್ನು ತೆರವುಗೊಳಿಸಬಹುದು. ಆದ್ದರಿಂದ ಮೊದಲು ಅಪ್ಲಿಕೇಶನ್ ನಿಲ್ಲಿಸಬೇಕು, ಆ ಟೇಬಲ್‌ನ ಆಟೋವ್ಯಾಕ್ಯೂಮ್ ಬಂದ್ ಮಾಡಬೇಕು, ಡೇಟಾಬೇಸ್ ನಿಲ್ಲಿಸಿ ಇಡೀ ಫೋಲ್ಡರ್‌ನ ಪ್ರತಿ ತೆಗೆಯಬೇಕು. ಮುಂದಿನ ಪ್ರಯೋಗಗಳೆಲ್ಲ ಆ ಪ್ರತಿಯ ಮೇಲೆ. ಗಾಬರಿಯಲ್ಲಿ ಮೂಲದ ಮೇಲೆಯೇ ಕೈ ಆಡಿಸಿದರೆ ಉಳಿದಿರುವ ಸಾಕ್ಷ್ಯವನ್ನೂ ನಾವೇ ಅಳಿಸುತ್ತೇವೆ. ಪ್ರತಿಯ ಮೇಲೆ ಪಿಜಿ-ಡರ್ಟಿರೀಡ್ ಎಂಬ ವಿಸ್ತರಣೆ ಹಾಕಿದರೆ ಸತ್ತ ಸಾಲುಗಳನ್ನು ಅವುಗಳ ಎಕ್ಸ್‌ಮ್ಯಾಕ್ಸ್ ಸಮೇತ ಓದಬಹುದು.

ವ್ಯಾಕ್ಯೂಮ್ ಆಗಿಬಿಟ್ಟಿದ್ದರೆ ಅಥವಾ ಟೇಬಲನ್ನು ಒಮ್ಮೆಲೇ ಖಾಲಿ ಮಾಡುವ ಟ್ರಂಕೇಟ್ ಆದೇಶದಿಂದ ಟೇಬಲ್‌ನ ಫೈಲೇ ಬದಲಾಗಿದ್ದರೆ ಈ ದಾರಿ ಇಲ್ಲ. ಆಗ ಹಳೆಯ ಪೂರ್ಣ ಬ್ಯಾಕಪ್ಪನ್ನು ಬೇರೆ ಯಂತ್ರದಲ್ಲಿ ಎಬ್ಬಿಸಿ, ಅಲ್ಲಿಂದ ಮುಂದಿನ ಲಾಗ್‌ಗಳನ್ನು ಒಂದೊಂದಾಗಿ ಓಡಿಸಬೇಕು. ಅನಾಹುತದ ವಹಿವಾಟಿನ ಸಂಖ್ಯೆ ಗೊತ್ತಿದ್ದರೆ ಅದಕ್ಕಿಂತ ಒಂದು ಹೆಜ್ಜೆ ಮೊದಲೇ ನಿಲ್ಲು ಎಂದು ಹೇಳಬಹುದು. ಬರೀ ಗಂಟೆ ಗೊತ್ತಿದ್ದರೆ ಅಂದಾಜಿನ ಮೇಲೆ ನಿಲ್ಲಿಸಬೇಕು. ಜಾಡು ಹಿಡಿಯುವ ಕೆಲಸ ಇಲ್ಲಿ ಮರಳಿಸುವ ಕೆಲಸಕ್ಕೇ ನೆರವಾಗುತ್ತದೆ.

ಮೈಎಸ್‌ಕ್ಯುಎಲ್ ಎಂಬ ಇನ್ನೊಂದು ಡೇಟಾಬೇಸ್‌ನಲ್ಲಿ ದಾರಿ ಬೇರೆ. ಬದಲಾವಣೆಗಳನ್ನು ದಾಖಲಿಸುವ ಅದರ ಬೈನರಿ ಲಾಗ್ ಸಾಲುವಾರು ಬರೆಯುವ ಹೊಂದಾಣಿಕೆಯಲ್ಲಿದ್ದರೆ, ಅಳಿಸಿದ ಪ್ರತಿ ಸಾಲಿನ ಪೂರ್ತಿ ವಿವರ ಅಲ್ಲೇ ಸಿಗುತ್ತದೆ. ಅದನ್ನು ತಿರುಗಿಸಿ ಬರೆದರೆ ಡಿಲೀಟ್ ಇನ್ಸರ್ಟ್ ಆಗುತ್ತದೆ. ಮಾರಿಯಾಡಿಬಿಯಲ್ಲಿ ಹೀಗೆ ತಿರುಗಿಸುವ ಸೌಲಭ್ಯ ಒಳಗೇ ಇದೆ. ಆದರೆ ಮೈಎಸ್‌ಕ್ಯುಎಲ್ 8ರ ಮೂಲ ಹೊಂದಾಣಿಕೆಯಲ್ಲಿ ಈ ಲಾಗ್ 30 ದಿನಕ್ಕೆ ಅವಧಿ ಮುಗಿಸುತ್ತದೆ. ಮೂರು ತಿಂಗಳ ನಂತರ ಲೆಕ್ಕಪರಿಶೋಧನೆಯಲ್ಲಿ ಕೊರತೆ ಕಂಡರೆ ಹುಡುಕಲು ಏನೂ ಇರುವುದಿಲ್ಲ. ಒರಾಕಲ್‌ನ ಫ್ಲ್ಯಾಶ್‌ಬ್ಯಾಕ್ ಸೌಲಭ್ಯದಿಂದ ಟೇಬಲ್ ಹಿಂದಿನ ಗಳಿಗೆಯಲ್ಲಿ ಹೇಗಿತ್ತೆಂದು ನೇರವಾಗಿ ಕೇಳಬಹುದು. ಅದಕ್ಕೂ ಹಳೆಯ ರೂಪವನ್ನು ಎಷ್ಟು ಹೊತ್ತು ಉಳಿಸಿಟ್ಟಿದೆ ಎಂಬ ಮಿತಿ ಇದೆ.

ಸಿಕ್ಕ ಸಾಲುಗಳನ್ನು ಮರಳಿ ಹಾಕುವಾಗಲೂ ಎಚ್ಚರ ಬೇಕು. ಮೊದಲು ವಿದ್ಯಾರ್ಥಿ, ಆಮೇಲೆ ಅವರ ಶುಲ್ಕ ಎಂಬ ಕ್ರಮ ಪಾಲಿಸದಿದ್ದರೆ ಡೇಟಾಬೇಸ್ ಒಪ್ಪುವುದಿಲ್ಲ. ಶುಲ್ಕದ ಸಾಲು ಸೇರಿದೊಡನೆ ಪೋಷಕರಿಗೆ ಎಸ್‌ಎಂಎಸ್ ಹೋಗುವಂತೆ ಟ್ರಿಗರ್ ಇಟ್ಟಿದ್ದರೆ, ಅದನ್ನು ತಡೆಹಿಡಿಯದೆ ಮರಳಿಸಿದವರು ಮನೆಗಳಿಗೆ 3,000 ಹಳೆಯ ರಶೀದಿ ಕಳಿಸಿಬಿಡುತ್ತಾರೆ.

ಗುಮಾಸ್ತರ ಮೇಲೆ ಬಂದ ಅನುಮಾನ

ಇಂಥ ಹೊತ್ತಿನಲ್ಲಿ ಕಚೇರಿಯ ಅನುಮಾನ ಮೊದಲು ಬೀಳುವುದು ಆ ಟೇಬಲ್ ಬಳಸುವ ಗುಮಾಸ್ತರ ಮೇಲೆ. ಸಾಕ್ಷ್ಯ ಏನು ಹೇಳುತ್ತದೆ ನೋಡೋಣ.

3,000 ಸಾಲುಗಳಲ್ಲೂ ಎಕ್ಸ್‌ಮ್ಯಾಕ್ಸ್ ಒಂದೇ ಸಂಖ್ಯೆ ಎಂದಿಟ್ಟುಕೊಳ್ಳಿ. ಅಲ್ಲಿಗೆ ಎಲ್ಲವೂ ಒಂದೇ ವಹಿವಾಟಿನಲ್ಲಿ ಅಳಿದವು ಎಂದಾಯಿತು. ಪರದೆಯ ಮೇಲೆ ಒಂದೊಂದೇ ಗುಂಡಿ ಒತ್ತಿದವರ ಕೆಲಸ ಇದಲ್ಲ. ವಹಿವಾಟು ಮುಗಿದ ಸಮಯ ದಾಖಲಿಸುವ ಸೌಲಭ್ಯವನ್ನು ಮೊದಲೇ ತೆರೆದಿದ್ದರೆ, ಆ ಸಂಖ್ಯೆ ಕೊಟ್ಟು ಗಳಿಗೆ ಕೇಳಬಹುದು. ಭಾನುವಾರ ರಾತ್ರಿ 1 ಗಂಟೆ 40 ನಿಮಿಷ ಎಂದು ಉತ್ತರ ಬಂದರೆ, ಆಗ ಕಚೇರಿಗೆ ಬೀಗ ಬಿದ್ದಿತ್ತು. ಸರ್ವರ್ ಲಾಗ್‌ನಲ್ಲಿ ಪ್ರತಿ ಆದೇಶದ ಮುಂದೆ ಬಳಕೆದಾರ, ಅಪ್ಲಿಕೇಶನ್ ಹೆಸರು ಮತ್ತು ವಹಿವಾಟಿನ ಸಂಖ್ಯೆ ಬರೆಯುವಂತೆ ಹೇಳಿದ್ದರೆ, ಆ ಹೊತ್ತಿಗೆ ಓಡಿದ್ದು ರಾತ್ರಿಯ ‘ಹಳೆಯ ಮಾಹಿತಿ ತೆರವು’ ಕೆಲಸವೆಂದು ಕಾಣುತ್ತದೆ.

ಆದರೆ ಆ ಕೆಲಸದ ಆದೇಶದಲ್ಲಿ ಶುಲ್ಕದ ಮಾತೇ ಇಲ್ಲ. ಅದು ಅಳಿಸಿದ್ದು ಮುಚ್ಚಿಹೋದ ಒಂದು ಕೋರ್ಸಿನ ಒಂದೇ ಒಂದು ಸಾಲನ್ನು. ಕೋರ್ಸಿಗೆ ವಿದ್ಯಾರ್ಥಿ, ವಿದ್ಯಾರ್ಥಿಗೆ ಶುಲ್ಕ ಎಂದು ಟೇಬಲ್‌ಗಳನ್ನು ಪೋಣಿಸುವಾಗ, ಮೂಲ ಅಳಿದರೆ ಅದಕ್ಕೆ ಅಂಟಿದ್ದೂ ಅಳಿಯಲಿ ಎಂಬ ಕ್ಯಾಸ್ಕೇಡ್ ನಿಯಮವನ್ನು ವರ್ಷಗಳ ಹಿಂದೆ ಯಾರೋ ಹಾಕಿದ್ದರು. ಒಂದು ಸಾಲಿನ ಜೊತೆ ನೂರಾರು ವಿದ್ಯಾರ್ಥಿಗಳ ಸಾಲುಗಳೂ, ಅವುಗಳ ಜೊತೆ ಸಾವಿರಾರು ರಶೀದಿಗಳೂ ಅಳಿದುಹೋದವು. ಮೈಎಸ್‌ಕ್ಯುಎಲ್ 8ರಲ್ಲಿ ಇದು ಇನ್ನೂ ಕಷ್ಟ. ಅಲ್ಲಿ ಕ್ಯಾಸ್ಕೇಡ್‌ನಿಂದ ಅಳಿದ ಸಾಲುಗಳು ಬೈನರಿ ಲಾಗ್‌ನಲ್ಲಿ ಕಾಣುವುದಿಲ್ಲ, ಆ ಟೇಬಲ್‌ನ ಟ್ರಿಗರ್‌ಗಳೂ ಓಡುವುದಿಲ್ಲ. ಟ್ರಿಗರ್ ಹಾಕಿದ್ದೇವೆ, ಯಾವ ಡಿಲೀಟೂ ತಪ್ಪಿಸಿಕೊಳ್ಳಲಾರದು ಎಂದು ನಂಬಿ ಕೂತವರಿಗೆ ಜಾಡೇ ಸಿಗುವುದಿಲ್ಲ.

ಈ ಉದಾಹರಣೆಯಲ್ಲಿ ಗುಮಾಸ್ತರನ್ನು ಕಾಪಾಡಿದ್ದು ಮೂರು ಸಣ್ಣ ಹೊಂದಾಣಿಕೆಗಳು. ವಹಿವಾಟಿನ ಸಮಯ ಇಡುವ ಸೌಲಭ್ಯವಾಗಲಿ, ಡಿಲೀಟ್ ಆದೇಶಗಳನ್ನು ಲಾಗ್‌ಗೆ ಬರೆಯುವುದಾಗಲಿ, ಲಾಗ್‌ನ ಸಾಲಿಗೆ ಹೆಸರು ಸೇರಿಸುವುದಾಗಲಿ ಪೋಸ್ಟ್‌ಗ್ರೆಸ್‌ನಲ್ಲಿ ತಾನಾಗಿ ಬರುವುದಿಲ್ಲ. ಯಾರಾದರೂ ಮೊದಲೇ ಯೋಚಿಸಿ ಹಾಕಿರಬೇಕು. ಹಾಕಿರದ ಕಡೆ ತೀರ್ಮಾನ ಊಹೆಯ ಮೇಲೆ ನಡೆಯುತ್ತದೆ. ಊಹೆ ಬಹಳ ಸಲ ಕಚೇರಿಯ ಕೆಳಗಿನ ಮೆಟ್ಟಿಲಲ್ಲಿ ಇರುವವರ ಮೇಲೇ ಬೀಳುತ್ತದೆ. ಲಾಗ್ ಇಡುವುದನ್ನು ನಾನು ನ್ಯಾಯದ ಪ್ರಶ್ನೆ ಎಂದು ನೋಡುವುದು ಈ ಕಾರಣಕ್ಕೆ.

ಯಾರ ಕೈಯೂ ಇಲ್ಲದಾಗ

2021ರ ಡಿಸೆಂಬರ್‌ನಲ್ಲಿ ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಸೂಪರ್‌ಕಂಪ್ಯೂಟರ್‌ನಿಂದ ಸಂಶೋಧಕರ 77 ಟೆರಾಬೈಟ್ ಕಡತಗಳು ಮಾಯವಾದವು. ಸಂಖ್ಯೆಯಲ್ಲಿ ಸುಮಾರು 3.4 ಕೋಟಿ ಕಡತ, 14 ಸಂಶೋಧನಾ ಗುಂಪುಗಳದ್ದು. ನಾಲ್ಕು ಗುಂಪುಗಳ ಡೇಟಾ ಬ್ಯಾಕಪ್‌ನಿಂದಲೂ ಸಿಗಲಿಲ್ಲ.

ಯಂತ್ರ ಪೂರೈಸಿದ ಹ್ಯೂಲೆಟ್ ಪ್ಯಾಕರ್ಡ್‌ನ ಜಪಾನ್ ಸಂಸ್ಥೆ ಕಾರಣ ಹುಡುಕಿ ಹೊಣೆ ಹೊತ್ತಿತು. ಬ್ಯಾಕಪ್ ಸ್ಕ್ರಿಪ್ಟ್‌ನಲ್ಲಿ ಹತ್ತು ದಿನಕ್ಕಿಂತ ಹಳೆಯ ಲಾಗ್‌ಗಳನ್ನು ಅಳಿಸುವ ಭಾಗ ಇತ್ತು. ಓದಲು ಸುಲಭವಾಗಲೆಂದು ಅದನ್ನು ತಿದ್ದಿ, ಹಳೆಯದು ಇನ್ನೂ ಓಡುತ್ತಿರುವಾಗಲೇ ಅದರ ಜಾಗದಲ್ಲಿ ಹೊಸದನ್ನು ಇಟ್ಟರು. ಸ್ಕ್ರಿಪ್ಟ್ ಓಡಿಸುವ ಬ್ಯಾಷ್ ಪ್ರೋಗ್ರಾಂ ಇಡೀ ಫೈಲನ್ನು ಒಮ್ಮೆಲೇ ಓದಿಕೊಳ್ಳದೆ, ಓಡಿಸುತ್ತಲೇ ಮುಂದಿನದನ್ನು ಓದುತ್ತದೆ. ಅರ್ಧ ದಾರಿಯಲ್ಲಿ ಹೊಸ ಫೈಲಿಗೆ ಜಾರಿದ ಅದಕ್ಕೆ ಫೋಲ್ಡರ್‌ನ ಹೆಸರು ಇರಬೇಕಾದ ಜಾಗ ಖಾಲಿ ಸಿಕ್ಕಿತು. ಲಾಗ್ ಅಳಿಸಬೇಕಾದ ಆದೇಶ ಸಂಶೋಧಕರ ಕಡತಗಳ ಮೇಲೆ ಹರಿಯಿತು. ತಿದ್ದಿದ ಕೋಡ್ ಸರಿಯೇ ಇದ್ದಿರಬಹುದು, ತಪ್ಪಿದ್ದದ್ದು ಅದನ್ನು ಬದಲಿಸಿದ ಗಳಿಗೆ. ಯಾರು ಅಳಿಸಿದರು ಎಂದಷ್ಟೇ ಕೇಳಿದ್ದರೆ ಈ ಉತ್ತರ ಎಂದೂ ಸಿಗುತ್ತಿರಲಿಲ್ಲ.

ಕಾರಣದ ಹಿಂದಿನ ಕಾರಣ

‘ಯಾರು’ ಎಂಬಲ್ಲಿಗೆ ನಿಲ್ಲದ ಈ ಗುಣ ಗಿಟ್‌ಲ್ಯಾಬ್‌ನ ವರದಿಗೂ ಇದೆ. ಅಳಿಸಿದ ಎಂಜಿನಿಯರ್‌ನ ಹೆಸರು ಅದರಲ್ಲಿಲ್ಲ. ಪ್ರತಿ ಉತ್ತರಕ್ಕೂ ಮತ್ತೆ ‘ಏಕೆ’ ಎಂದು ಕೇಳುತ್ತಾ ಅದು ಕೆಳಗೆ ಇಳಿಯುತ್ತದೆ.

ತದ್ರೂಪು ಹಿಂದೆ ಬಿದ್ದದ್ದು ಏಕೆ? ಹೊರೆ ಏರಿತ್ತು, ತದ್ರೂಪು ಓದಿ ಮುಗಿಸುವ ಮೊದಲೇ ಮುಖ್ಯ ಸರ್ವರ್ ತನ್ನ ಹಳೆಯ ಲಾಗ್ ತುಣುಕುಗಳನ್ನು ತೆಗೆದುಹಾಕಿತ್ತು. ಹೊರೆ ಏರಿದ್ದು ಏಕೆ? ಸ್ಪ್ಯಾಮ್ ಹಾಕುವವರ ಹಾವಳಿ ಒಂದು ಕಡೆ. ಇನ್ನೊಂದು ಕಡೆ, ಸಂಸ್ಥೆಯ ಒಬ್ಬ ಉದ್ಯೋಗಿಯ ಖಾತೆಯ ವಿರುದ್ಧ ಯಾರೋ ಕುಚೋದ್ಯಕ್ಕೆ ದೂರು ಕೊಟ್ಟಿದ್ದರು. ಆ ಖಾತೆಯನ್ನು ಅದರ ಎಲ್ಲ ಮಾಹಿತಿ ಸಮೇತ ಅಳಿಸುವ ಕೆಲಸ ಕಣ್ತಪ್ಪಿನಿಂದ ಸರದಿಗೆ ಸೇರಿ ಹಿನ್ನೆಲೆಯಲ್ಲಿ ಓಡುತ್ತಿತ್ತು. ದೊಡ್ಡ ಅಳಿವಿನ ಹಿಂದೆ ಹೀಗೆ ಇನ್ನೊಂದು ಅಳಿವು ಅಡಗಿತ್ತು. ಬ್ಯಾಕಪ್ ಸೋಲುತ್ತಿದ್ದದ್ದು ಯಾರಿಗೂ ತಿಳಿಯದಿದ್ದದ್ದು ಏಕೆ? ಬ್ಯಾಕಪ್ಪನ್ನು ಮರಳಿಸಿ ಪರೀಕ್ಷಿಸುವುದು ಯಾರೊಬ್ಬರ ಹೊಣೆಯೂ ಆಗಿರಲಿಲ್ಲ.

ಪರಿಹಾರಗಳೂ ಈ ಉತ್ತರಗಳಿಂದಲೇ ಹುಟ್ಟಿದವು. ಯಾವ ಸರ್ವರ್‌ನಲ್ಲಿದ್ದೇವೆ ಎಂದು ಒಂದೇ ನೋಟಕ್ಕೆ ತಿಳಿಯುವಂತೆ ಟರ್ಮಿನಲ್‌ನ ಸೂಚಕ ಬದಲಿಸುವುದು, ಬ್ಯಾಕಪ್‌ಗಳ ಮೇಲೆ ಕಣ್ಣಿಡುವುದು, ಮರಳಿಸುವ ಪರೀಕ್ಷೆಯನ್ನು ತಾನಾಗಿ ನಡೆಸುವುದು, ಡೇಟಾ ಉಳಿಸುವ ಹೊಣೆಗೆ ಒಬ್ಬರನ್ನು ಗೊತ್ತುಮಾಡುವುದು. ಆ ಎಂಜಿನಿಯರ್‌ನನ್ನು ಮನೆಗೆ ಕಳಿಸಿದ್ದರೆ ಇವುಗಳಲ್ಲಿ ಒಂದೂ ಆಗುತ್ತಿರಲಿಲ್ಲ. ಶಿಕ್ಷೆಯ ಭಯ ಇದ್ದ ಕಡೆ ಮುಂದಿನ ಸಲ ತಪ್ಪಿದವರು ಎರಡೇ ಸೆಕೆಂಡಿನಲ್ಲಿ ಒಪ್ಪಿಕೊಳ್ಳುವುದಿಲ್ಲ, ಎರಡು ದಿನ ಮುಚ್ಚಿಡುತ್ತಾರೆ. ಅಷ್ಟರಲ್ಲಿ ಸತ್ತ ಸಾಲುಗಳೂ ಗುಡಿಸಿಹೋಗಿರುತ್ತವೆ.

ನಮ್ಮ ಕಚೇರಿಗಳಲ್ಲಿ

ಈ ವಿಷಯದಲ್ಲಿ ಭಾರತದ ಕಾನೂನು ಒಂದು ಗಟ್ಟಿ ಹೆಜ್ಜೆ ಇಟ್ಟಿದೆ. 2014ರ ಕಂಪನಿ ಲೆಕ್ಕಪತ್ರ ನಿಯಮಗಳಿಗೆ ತಂದ ತಿದ್ದುಪಡಿ, ಎರಡು ಸಲ ಮುಂದೂಡಿಕೆಯಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಕಂಪನಿಗಳ ಲೆಕ್ಕದ ಸಾಫ್ಟ್‌ವೇರ್ ಪ್ರತಿ ವಹಿವಾಟಿನ ಪ್ರತಿ ಬದಲಾವಣೆಯನ್ನೂ ದಿನಾಂಕ ಸಮೇತ ದಾಖಲಿಸಬೇಕು, ಆ ದಾಖಲೆಯನ್ನು ಆಫ್ ಮಾಡಲು ಬರಬಾರದು. ಬೆಂಗಳೂರಿನ ಟ್ಯಾಲಿ ಸಂಸ್ಥೆ ಇದಕ್ಕೆಂದೇ ‘ಎಡಿಟ್ ಲಾಗ್’ ಇರುವ ಆವೃತ್ತಿ ತಂದಿತು. ಲೆಕ್ಕಪರಿಶೋಧಕರು ಈ ದಾಖಲೆ ವರ್ಷವಿಡೀ ಚಾಲೂ ಇತ್ತೇ, ಯಾರಾದರೂ ತಿದ್ದಿದ್ದಾರೆಯೇ ಎಂದು ತಮ್ಮ ವರದಿಯಲ್ಲಿ ಹೇಳಬೇಕು.

2023–24ರ ಹಲವು ಕಂಪನಿಗಳ ಪರಿಶೋಧನಾ ವರದಿ ತೆರೆದರೆ ಒಂದು ಸಾಲು ಮತ್ತೆ ಮತ್ತೆ ಸಿಗುತ್ತದೆ: ಸಾಫ್ಟ್‌ವೇರ್‌ನಲ್ಲಿ ದಾಖಲೆ ಚಾಲೂ ಇತ್ತು, ಡೇಟಾಬೇಸ್ ಮಟ್ಟದಲ್ಲಿ ಇರಲಿಲ್ಲ. ಪರದೆಯ ಮೂಲಕ ಮಾಡಿದ ಬದಲಾವಣೆಗೆ ಲೆಕ್ಕ ಇದೆ, ಡೇಟಾಬೇಸ್ ಒಳಹೊಕ್ಕು ನೇರವಾಗಿ ಅಳಿಸಿದ್ದಕ್ಕೆ ಇಲ್ಲ ಎಂದು ಇದರ ಅರ್ಥ. ಅತಿ ಹೆಚ್ಚು ಅಧಿಕಾರ ಇರುವವರು ಓಡಾಡುವ ಬಾಗಿಲಲ್ಲೇ ಕಾವಲಿಲ್ಲ.

ಈ ನಿಯಮ ಕಂಪನಿಗಳಿಗೆ ಮಾತ್ರ. ಆದರೆ ನಮ್ಮ ಅಂಕಪಟ್ಟಿ, ಪಹಣಿ, ಆಸ್ಪತ್ರೆಯ ಚೀಟಿ, ಸಹಕಾರ ಸಂಘದ ಸಾಲದ ಲೆಕ್ಕ, ಎಲ್ಲವೂ ಇಂದು ಯಾವುದೋ ಟೇಬಲ್‌ನ ಸಾಲುಗಳು. ಒಂದು ಸಾಲು ಅಳಿದರೆ ಒಬ್ಬ ರೈತನೋ ವಿದ್ಯಾರ್ಥಿಯೋ ತನ್ನ ಹಕ್ಕನ್ನು ತಾನೇ ಸಾಬೀತು ಮಾಡಿಕೊಳ್ಳುತ್ತಾ ಕಚೇರಿ ಅಲೆಯಬೇಕಾಗುತ್ತದೆ. ಇಂಥ ದಾಖಲೆ ಇಡುವ ಪ್ರತಿ ಕಚೇರಿಯೂ ಮೂರು ಕೆಲಸ ಮಾಡಬೇಕು. ನಿಗದಿತ ದಿನ ಬ್ಯಾಕಪ್ಪನ್ನು ಬೇರೆ ಯಂತ್ರದಲ್ಲಿ ಎಬ್ಬಿಸಿ, ಸಾಲುಗಳನ್ನು ಎಣಿಸಿ ನೋಡಬೇಕು. ಡೇಟಾಬೇಸ್‌ನ ಲಾಗನ್ನು ಕನಿಷ್ಠ ಒಂದು ಪರಿಶೋಧನೆಯ ಅವಧಿಯವರೆಗಾದರೂ ಉಳಿಸಬೇಕು. ಸಾಲು ಅಳಿಸುವ ಅಧಿಕಾರ ಇರುವವರ ಕೈಗೆ ಸಿಗದ ಜಾಗದಲ್ಲಿ ಆ ಲಾಗ್ ಇಡಬೇಕು. ಮೂರಕ್ಕೂ ಹೊಣೆಗಾರರ ಹೆಸರು ಬರೆದಿಡಬೇಕು. ಇದಕ್ಕೆ ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ, ಪೋಸ್ಟ್‌ಗ್ರೆಸ್ ಮತ್ತು ಮೈಎಸ್‌ಕ್ಯುಎಲ್ ಉಚಿತವಾಗಿ ಕೊಡುವ ಸೌಲಭ್ಯಗಳಲ್ಲೇ ಇವು ಸಾಧ್ಯ. ಅಳಿಸಿಹೋದ ಮೇಲೆ ಎಷ್ಟೇ ನುರಿತವರನ್ನು ಕರೆಸಿದರೂ, ಉಳಿಸಿಟ್ಟಿದ್ದಕ್ಕಿಂತ ಹೆಚ್ಚನ್ನು ಅವರು ಮರಳಿ ತರಲಾರರು.